ಲಕೋಟೆಯಲ್ಲಿಟ್ಟ ಏಳು ಮಾತ್ರೆ

ಮಂಗಳವಾರ ಬೆಳಿಗ್ಗೆ ಹನ್ನೊಂದೂಕಾಲಕ್ಕೆ, ಅಂಗಡಿಯಲ್ಲಿ ಗಿರಾಕಿಗಳು ನಿಂತಿರುವಾಗಲೇ, ಲಾಂಡ್ರಿಯಮ್ಮ ತಾನು ಹೆತ್ತ ಮಗನ ಜೇಬಿಗೆ ಕೈ ಹಾಕಿದಳು. ಮೂವತ್ತನಾಲ್ಕು ವರ್ಷದ ಗಂಡಸು, ಇಸ್ತ್ರಿ ಮೇಜಿನ ಪಕ್ಕದಲ್ಲಿ ಎರಡೂ ಕೈ ಇಳಿಬಿಟ್ಟುಕೊಂಡು, ಬೇಡವೆನ್ನದೆ ನಿಂತಿದ್ದ. ಎಡಜೇಬಿನಲ್ಲಿ ಕರವಸ್ತ್ರ ಸಿಕ್ಕಿತು. ಬಲಜೇಬಿನಲ್ಲಿ ಮಾತ್ರೆಯ ಸ್ಟ್ರಿಪ್ ಸಿಕ್ಕಿತು. ಹತ್ತರಲ್ಲಿ ಆರು ಖಾಲಿಯಾಗಿದ್ದವು. ಅವಳು ಅದನ್ನು ಕೌಂಟರಿನ ಮೇಲಿಟ್ಟು, ಎದುರಿಗಿದ್ದ ಹೆಡ್‌ಮಾಸ್ಟರ ಕಡೆಗೆ ಬೆರಳಿನಿಂದ ಸರಿಸಿದಳು.

"ಇದೇನಾ ಮೇಷ್ಟ್ರೇ?"

ನಿವೃತ್ತ ಹೆಡ್‌ಮಾಸ್ಟರು ಕನ್ನಡಕ ಮೇಲೇರಿಸಿ ನೋಡಿದರು. "ಇದೇ ತಾಯಿ. ಶನಿವಾರ ಕೋಟಿನ ಒಳಜೇಬಲ್ಲಿ ಮರೆತು ಒಗೆಯೋಕೆ ಕೊಟ್ಟುಬಿಟ್ಟಿದ್ದೆ. ಮನೆಯೆಲ್ಲ ಹುಡುಕಿದೆ. ನಿಮ್ಮಲ್ಲಿಗೆ ಬಂದಿದ್ರೆ ವಾಪಸ್ ಬಂದೇ ಬರ್ತಿತ್ತಲ್ಲ ಅಂತ ಇವತ್ತು ಕೋಟು ತಗೊಳ್ಳೋಕೆ ಬರೋ ತನಕ ಇಲ್ಲಿ ಕೇಳಲೇ ಇಲ್ಲ." ಅವರು ಕನ್ನಡಕ ತೆಗೆದು, "ಭಾನುವಾರ ಔಷಧಿ ಅಂಗಡಿ ಇರ್ಲಿಲ್ಲ. ನಿನ್ನೆ ಹೋದ್ರೆ ಹೊಸ ಚೀಟಿ ಬೇಕು ಅಂದ್ರು. ಅವಳು ಎರಡು ದಿನ ಹಲ್ಲು ಕಚ್ಕೊಂಡು ಮಲಗಿದ್ಲು," ಎಂದರು.

ಅವರ ಹೆಂಡತಿಗೆ ಮೂಳೆಯ ಕ್ಯಾನ್ಸರ್ ಎಂಬುದು ಇಡೀ ಬೀದಿಗೆ ಗೊತ್ತಿತ್ತು. ಉಳಿದ ನಾಲ್ಕು ಮಾತ್ರೆಗಳನ್ನು ಹೆಡ್‌ಮಾಸ್ಟರು ಜೋಪಾನವಾಗಿ ಪರ್ಸಿನಲ್ಲಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಇಸ್ತ್ರಿ ಹಾಕುತ್ತಿದ್ದ ಸೊಸೆ ಪೆಟ್ಟಿಗೆಯನ್ನು ಎತ್ತಿಟ್ಟು ನಿಂತಳು. ಗುಂಡಿ ಹೊಲಿಯುತ್ತಿದ್ದ ಮಗಳು ತಲೆ ಎತ್ತಲಿಲ್ಲ. ಲಾಂಡ್ರಿಯಮ್ಮ ಮಾತ್ರ ಮುಂದಿನ ಗಿರಾಕಿಯ ಕಡೆ ತಿರುಗಿ, "ನಿಮ್ದು ಎರಡು ಕರ್ಟನ್ನು ಅಲ್ವಾ?" ಎಂದು ಕೇಳಿದಳು. ಆದರೆ ರಸೀತಿ ಬರೆಯುವಾಗ ತಾರೀಖನ್ನೇ ತಪ್ಪು ಬರೆದಳು.

ಆ ಲಾಂಡ್ರಿಗೆ ಒಂದು ಕಟ್ಟಳೆಯಿತ್ತು. ಒಗೆಯಲು ಬಂದ ಬಟ್ಟೆಯ ಜೇಬಿನಲ್ಲಿ ಏನೇ ಸಿಗಲಿ, ಅದನ್ನು ಕಂದು ಲಕೋಟೆಗೆ ಹಾಕಿ, ರಸೀತಿ ನಂಬರು ಬರೆದು, ಸ್ಟೇಪಲ್ ಹೊಡೆದು, ಬಟ್ಟೆಯ ಹ್ಯಾಂಗರಿಗೇ ತೂಗುಹಾಕಬೇಕು. ಒಳಗೇನಿದೆ ಎಂದು ಯಾರೂ ಯಾರಿಗೂ ಹೇಳಬಾರದು. ಗಂಡ ತೀರಿಕೊಂಡ ವರ್ಷ ಎರಡು ಬಕೆಟ್ಟು, ಒಂದು ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡು ಶುರು ಮಾಡಿದ ಅಂಗಡಿ ಅದು. ಇಪ್ಪತ್ತಾರು ವರ್ಷದಲ್ಲಿ ಅವಳ ಕೈಗೆ ಉಂಗುರ, ಪ್ರೇಮಪತ್ರ, ಜೂಜಿನ ಚೀಟಿ, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟೂ ಸಿಕ್ಕಿತ್ತು. ಮಾತ್ರೆಗಳಂತೂ ಲೆಕ್ಕವಿಲ್ಲದಷ್ಟು. ಬ್ಯಾಂಕಿನ ಮ್ಯಾನೇಜರು ನಿದ್ದೆಗೆ ಏನು ನುಂಗುತ್ತಾರೆ, ಪಕ್ಕದ ಬೀದಿಯ ವಕೀಲರ ಹೆಂಡತಿ ಎಷ್ಟು ನುಂಗುತ್ತಾಳೆ, ಎಲ್ಲ ಅವಳಿಗೆ ಗೊತ್ತಿತ್ತು. ಇಡೀ ಬೀದಿಯ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ತುಟಿ ಪಿಟಕ್ಕೆನ್ನದ ಹೆಂಗಸು ಎಲ್ಲ ಊರಿಗೂ ಸಿಗುವುದಿಲ್ಲ. ಅಂಥವಳ ಅಂಗಡಿಗೆ ಗಿರಾಕಿ ಹೆಚ್ಚು ಎಂಬುದೂ ಅವಳಿಗೆ ಗೊತ್ತಿತ್ತು ಅನ್ನಿ. ಬೇರೆಯವರ ಜೇಬಿನ ಮಾತ್ರೆಗೆ ಅವಳು ಒಂದು ದಿನವೂ ಮೂಗು ಮುರಿದವಳಲ್ಲ. "ಯಾರ ಕಷ್ಟ ಯಾರಿಗೆ ಗೊತ್ತು," ಎನ್ನುತ್ತಾ ಲಕೋಟೆ ಮುಚ್ಚುತ್ತಿದ್ದಳು.

ಮಗನ ಜೇಬಿನ ವಿಷಯಕ್ಕೆ ಬಂದಾಗ ಆ ಮಾತು ಅವಳ ಬಾಯಿಗೆ ಬರಲಿಲ್ಲ. ಶನಿವಾರ ಹೆಡ್‌ಮಾಸ್ಟರ ಕೋಟು ಇಳಿಸಿಕೊಂಡು ಜೇಬು ನೋಡಿದವನು ಅವನೇ. ಎರಡು ವರ್ಷದ ಹಿಂದೆ ಒದ್ದೆ ಬೆಡ್‌ಶೀಟಿನ ಗಂಟು ಎತ್ತುವಾಗ ಅವನ ಬೆನ್ನು ಹಿಡಿದುಕೊಂಡಿತ್ತು. ಆಪರೇಷನ್ ಆಯಿತು. ನೋವಿಗೆಂದು ಡಾಕ್ಟರು ಬಲವಾದ ಮಾತ್ರೆ ಬರೆದರು. ಮೂರು ತಿಂಗಳಾದ ಮೇಲೆ ಚೀಟಿ ನಿಂತಿತು, ಮಾತ್ರೆ ನಿಲ್ಲಲಿಲ್ಲ. ಅವನು ಬೇರೆ ಡಾಕ್ಟರ ಬಳಿ ಹೋದ, ಬೇರೆ ಅಂಗಡಿಗೆ ಹೋದ, ಕೊನೆಗೆ ಬಸ್‌ಸ್ಟ್ಯಾಂಡಿನ ಹಿಂದೆ ಮಾರುವವನ ಬಳಿಗೂ ಹೋದ. ಇಷ್ಟೆಲ್ಲ ಮನೆಯವರಿಗೆ ಗೊತ್ತಾದದ್ದು ಹೆಡ್‌ಮಾಸ್ಟರ ಕೋಟಿನಿಂದ. ಹೆಡ್‌ಮಾಸ್ಟರ ಹೆಂಡತಿಯ ದಿಂಬಿನ ಪಕ್ಕದಲ್ಲಿದ್ದಾಗ ಆ ಮಾತ್ರೆಯನ್ನು ಜನ ನೋವಿನ ಮಾತ್ರೆ ಎನ್ನುತ್ತಿದ್ದರು. ಇವನ ಪ್ಯಾಂಟಿನ ಜೇಬಿಗೆ ಬಂದ ದಿನದಿಂದ ಅದು ನಶೆಯ ಮಾತ್ರೆಯಾಯಿತು.

"ಸೋಮಾರಿತನ," ಎಂದಳು ಲಾಂಡ್ರಿಯಮ್ಮ ಅಂದು ಮಧ್ಯಾಹ್ನ, ಶಟರು ಅರ್ಧ ಇಳಿಸಿ. "ಬೆನ್ನು ವಾಸಿಯಾಗಿ ಒಂದೂವರೆ ವರ್ಷ ಆಯ್ತು. ಇದು ನೋವಲ್ಲ, ಕೊಬ್ಬು. ಒಂದು ಹೆಂಗಸಿನ ನೋವಿನ ಔಷಧಿ ಕದಿಯೋ ಮಟ್ಟಕ್ಕೆ ಇಳಿದ್ಯಲ್ಲೋ."

ಮಗ ಗೋಡೆಗೆ ಮುಖ ಮಾಡಿ ಕೂತು ಅತ್ತ. ಸೊಸೆ ಅವನ ಪಕ್ಕ ಕೂತಳು. ತಾಯಿ ಕೂರಲಿಲ್ಲ.

ಮರುವಾರ ಸೊಸೆ ಅವನನ್ನು ಬಸ್‌ಸ್ಟ್ಯಾಂಡಿನ ಎದುರಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರಮ್ಮ ಗದರಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಒಂದು ಮಾತ್ರೆ ಕೊಟ್ಟು, ಕರಗುವ ತನಕ ಬೆಂಚಿನ ಮೇಲೆ ಕೂರಿಸಿದಳು. ದಿನಾ ಬೆಳಿಗ್ಗೆ ಎಂಟಕ್ಕೆ ಬರಬೇಕು. ಹಳೆಯದರ ಹಪಹಪಿ ಇದರಿಂದ ಅಡಗುತ್ತದೆ, ತಲೆ ಸರಿಯಾಗಿರುತ್ತದೆ, ಕೆಲಸ ಮಾಡಬಹುದು. ಎಷ್ಟು ದಿನ ಎಂದು ಸೊಸೆ ಕೇಳಿದಾಗ, "ವರ್ಷಗಳೂ ಆಗಬಹುದು. ಅವಸರ ಮಾಡಿ ಬಿಡಿಸಿದ್ರೆ ಅಪಾಯ," ಎಂದಳು ಡಾಕ್ಟರಮ್ಮ. ಎರಡು ತಿಂಗಳಲ್ಲಿ ಅವನ ಕೆನ್ನೆ ತುಂಬಿತು. ಕೈ ನಡುಕ ನಿಂತು, ಮತ್ತೆ ಇಸ್ತ್ರಿ ಹಿಡಿದ. ಒಂದು ದಿನ ಯಾವುದೋ ಮಾತಿಗೆ ಹೋ ಎಂದು ನಕ್ಕ. ಸೊಸೆ ಒಳಗೆ ಹೋಗಿ ಬಾಯಿಗೆ ಬಟ್ಟೆ ಒತ್ತಿ ಹಿಡಿದು ಅತ್ತದ್ದು ಆ ನಗುವಿಗೆ. ನಂಬಿಕೆ ಬಂದು ಡಾಕ್ಟರಮ್ಮ ವಾರಕ್ಕೊಮ್ಮೆ ಏಳು ಮಾತ್ರೆಯ ಸ್ಟ್ರಿಪ್ ಕೈಗೆ ಕೊಟ್ಟು ಕಳಿಸತೊಡಗಿದಳು.

ಸೊಸೆ ಕಂಡದ್ದು ಅವನ ನಗುವನ್ನು. ಲಾಂಡ್ರಿಯಮ್ಮ ಕಂಡದ್ದು ಮಾತ್ರ ಫುಟ್‌ಪಾತಿನ ಸಾಲನ್ನು. ಆ ಕ್ಲಿನಿಕ್ಕಿಗೆ ಒಳಗೆ ಜಾಗ ಸಾಲದೆ ಜನ ಹೊರಗೇ ನಿಲ್ಲುತ್ತಿದ್ದರು. ಊರಿನ ಅರ್ಧ ಜನ ಬಸ್ಸಿಳಿಯುವುದು ಅದರೆದುರಿಗೇ.

"ಬಲಗೈಯಲ್ಲಿ ಬಿಟ್ಟು ಎಡಗೈಯಲ್ಲಿ ಹಿಡಿದ ಹಾಗಾಯ್ತು," ಎನ್ನುತ್ತಿದ್ದಳು. "ಮಾತ್ರೆ ಬಿಡಿಸೋಕೆ ಮಾತ್ರೆನಾ? ಗಟ್ಟಿ ಮನಸ್ಸು ಮಾಡಿದ್ರೆ ತಾನೇ ಬಿಡುತ್ತೆ."

"ಮನಸ್ಸಿಂದ ಆಗೋ ಹಾಗಿದ್ರೆ ಅವರು ಯಾವತ್ತೋ ಬಿಡ್ತಿದ್ರು ಅತ್ತೆ," ಎಂದರೆ, "ನೀನು ಅವನನ್ನ ತಲೆ ಮೇಲೆ ಕೂರಿಸ್ಕೋ," ಎಂದು ಎದ್ದುಹೋಗುತ್ತಿದ್ದಳು. ಅತ್ತೆ ಕೆಟ್ಟವಳಲ್ಲ ಎಂಬುದು ಸೊಸೆಗೂ ಗೊತ್ತಿತ್ತು. ಕೆಟ್ಟವಳಾಗಿದ್ದರೆ ಜಗಳ ಆಡುವುದು ಸುಲಭವಾಗುತ್ತಿತ್ತು.

ಇದರ ನಡುವೆ ಮಗಳಿಗೆ ಸಂಬಂಧ ಕೂಡಿಬಂತು. ಕೂಡಿಬಂತು ಎನ್ನುವುದಕ್ಕಿಂತ, ವರ್ಷದಿಂದ ಪ್ರತಿ ಶನಿವಾರ ಆರು ಶರ್ಟು ಹೊತ್ತು ತರುತ್ತಿದ್ದ ಸರ್ವೇಯರ್ ಹುಡುಗ ಕೊನೆಗೂ ಬಾಯಿ ಬಿಟ್ಟ ಎನ್ನಬೇಕು. ಅವನ ಶರ್ಟುಗಳಲ್ಲಿ ವಾರಕ್ಕೊಂದು ಗುಂಡಿ ಬಿಟ್ಟಿರುತ್ತಿತ್ತು. ಅಷ್ಟು ಗುಂಡಿ ಹೇಗೆ ಬಿಡುತ್ತವೆ ಎಂದು ಅತ್ತಿಗೆ ಚುಡಾಯಿಸಿದರೆ, ಮಗಳು ಹಲ್ಲಿನಿಂದ ದಾರ ಕತ್ತರಿಸುತ್ತಾ, "ಬಿಸಿಲಲ್ಲಿ ಊರೆಲ್ಲ ಅಳೆದು ಅಳೆದು," ಎನ್ನುತ್ತಿದ್ದಳು. ಇಪ್ಪತ್ತೇಳು ವರ್ಷವಾಗಿದ್ದ ಅವಳ ಮುಖ ಆ ದಿನಗಳಲ್ಲಿ ಹದಿನೇಳರ ಹಾಗಿತ್ತು. ಹುಡುಗನ ತಾಯಿ ಐದು ವಾರ ಬಿಟ್ಟು ಭಾನುವಾರ ಬಂದು ಮದುವೆಯ ದಿನ ಗೊತ್ತು ಮಾಡುವುದೆಂದು ಮಾತಾಯಿತು.

ಒಂದು ಸೋಮವಾರ, ಸೊಸೆ ಹೋಟೆಲಿನ ಬೆಡ್‌ಶೀಟು ತಲುಪಿಸಲು ಹೋಗಿದ್ದಾಗ, ಲಾಂಡ್ರಿಯಮ್ಮ ಮನೆಯ ಬಟ್ಟೆ ನೆನೆಹಾಕುತ್ತಿದ್ದಳು. ಮಗನ ಪ್ಯಾಂಟಿನ ಜೇಬಿನಲ್ಲಿ ಅಂದೇ ತಂದಿದ್ದ ಸ್ಟ್ರಿಪ್ ಸಿಕ್ಕಿತು. ಏಳಕ್ಕೆ ಏಳೂ ಹಾಗೇ ಇದ್ದವು. ಅವಳ ಕೈ ತಾನಾಗಿಯೇ ಲಕೋಟೆಗೆ ಹೋಯಿತು. ರಸೀತಿ ನಂಬರಿನ ಜಾಗದಲ್ಲಿ "ದೊಡ್ಡವನು" ಎಂದು ಬರೆದಳು, ಕೆಳಗೆ ಐದು ವಾರದಾಚೆಯ ತಾರೀಖು ಹಾಕಿದಳು, ಸ್ಟೇಪಲ್ ಹೊಡೆದಳು. ಆಮೇಲೆ ಮಗನನ್ನು ಕರೆದಳು.

"ಇದನ್ನ ನಾನು ಇಟ್ಕೊಂಡಿರ್ತೀನಿ. ಅವರು ಬಂದು ದಿನ ಗೊತ್ತು ಮಾಡ್ಕೊಂಡು ಹೋಗ್ಲಿ. ಆಮೇಲೆ ನಿನ್ನದು ನೀನು ತಗೋ."

"ಅಮ್ಮ, ನಡುವೆ ನಿಲ್ಲಿಸೋ ಹಾಗಿಲ್ಲ ಅಂದಿದ್ದಾರೆ."

"ಅವರ ಅಂಗಡಿ ಅವರು ನಡೆಸ್ಬೇಕಲ್ಲ, ಹಾಗೇ ಹೇಳ್ತಾರೆ. ಸೋಮವಾರ ಸೋಮವಾರ ಬಸ್‌ಸ್ಟ್ಯಾಂಡಲ್ಲಿ ನಿಂತ್ಕೊಂಡಿರ್ತೀಯ. ಆ ಹುಡುಗನ ಕಡೆಯವರು ಯಾರಾದ್ರೂ ನೋಡಿದ್ರೆ ಏನು ಹೇಳ್ಲಿ? ಒಂದು ಸಲ ಕದ್ದೆ, ನಾನು ತಲೆ ತಗ್ಗಿಸಿದೆ. ಈಗ ಇವಳ ಬಾಳಿಗೂ ಕಲ್ಲು ಹಾಕ್ತೀಯಾ?"

ಮಗ ತಂಗಿಯ ಕಡೆ ನೋಡಿದ. ಸೂಜಿಗೆ ದಾರ ಪೋಣಿಸುತ್ತಿದ್ದ ಅವಳು, ಪೋಣಿಸಿದ ಮೇಲೆ ಹೇಳಿದಳು: "ಐದೇ ವಾರ ಅಲ್ವಾ ಅಣ್ಣ."

ಅಷ್ಟೇ ಅವಳು ಹೇಳಿದ್ದು. ಅವನು ತಲೆಯಾಡಿಸಿದ. ಹೆಂಡತಿಗೆ ಹೇಳುವುದು ಬೇಡವೆಂದೂ ಮೂವರೂ ಮಾತಿಲ್ಲದೆ ಒಪ್ಪಿಕೊಂಡರು. ಲಾಂಡ್ರಿಯಮ್ಮ ಲಕೋಟೆಯನ್ನು ಹಿಂದಿನ ಕೋಣೆಯಲ್ಲಿ, ಯಾರೂ ವಾಪಸು ಒಯ್ಯದ ಬಟ್ಟೆಗಳ ಸಾಲಿನಲ್ಲಿ ಒಂದು ಹ್ಯಾಂಗರಿಗೆ ತೂಗುಹಾಕಿದಳು. ಅಲ್ಲಿ ಏಳು ವರ್ಷದಿಂದ ಕಾಯುತ್ತಿದ್ದ ಒಂದು ಮದುವೆ ಕೋಟೇ ಇತ್ತು. ಇಂದಿಗೂ ಒಂದು ನೂಲು ಕೆಟ್ಟಿರಲಿಲ್ಲ. ಹ್ಯಾಂಗರುಗಳ ನಡುವೆ ಬಾಳಿದವಳಿಗೆ, ಮಗನೂ ಐದು ವಾರ ಹಾಗೆಯೇ ಕಾಯುತ್ತಾನೆ ಅನ್ನಿಸಿತ್ತು. ಅವಳು ಇದನ್ನು ದ್ವೇಷದಿಂದ ಮಾಡಿದಳೆಂದು ಯಾರೂ ಹೇಳಲಾರರು. ಹಾಗೆ ಹೇಳಿದ್ದರೆ ಅವಳಿಗೂ ಎಷ್ಟೋ ಹಗುರಾಗುತ್ತಿತ್ತು.

ಎರಡನೆಯ ದಿನಕ್ಕೆ ಅವನ ಮೈ ಬೆವರತೊಡಗಿತು. ಮೂಗು ಸೋರಿತು, ಹೊಟ್ಟೆ ಕೆಟ್ಟಿತು, ಕಾಲುಗಳು ಮಲಗಿದಲ್ಲಿ ನಿಲ್ಲಲಿಲ್ಲ. ಜ್ವರ ಎಂದು ಹೆಂಡತಿಗೆ ಹೇಳಿದ. ಆರನೆಯ ದಿನ ಎದ್ದು ಇಸ್ತ್ರಿ ಹಿಡಿದ. ಲಾಂಡ್ರಿಯಮ್ಮ ಅವನಿಗೆ ಕೈಯಾರೆ ಕಾಫಿ ತಂದುಕೊಟ್ಟು, "ನೋಡಿದ್ಯಾ? ಮನಸ್ಸು ಮಾಡಿದ್ರೆ ಆಗುತ್ತೆ," ಎಂದಳು. ತಿಂಗಳುಗಳಾದ ಮೇಲೆ ಅಮ್ಮ ಅವನ ತಲೆ ಸವರಿದ್ದು ಅಂದೇ. ಅವನು ಆ ಕೈಗೋಸ್ಕರ ಇನ್ನೂ ಏಳು ದಿನ ತಡೆದುಕೊಂಡ.

ಹದಿಮೂರನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಸೊಸೆ ಒಣಗಿದ ಬೆಡ್‌ಶೀಟು ತರಲು ಮಹಡಿಯ ಮೇಲಿನ ಕೋಣೆಗೆ ಹೋದಳು. ಸಾಲುಸಾಲಾಗಿ ತೂಗುತ್ತಿದ್ದ ಬಿಳಿ ಬಟ್ಟೆಗಳ ಕೆಳಗೆ ಎರಡು ಪಾದ ಕಂಡವು. ಅವನು ಗೋಡೆಗೊರಗಿ ಕೂತಿದ್ದ. ತುಟಿ ನೀಲಿಯಾಗಿತ್ತು. ಉಸಿರು ಒಂದು ಬಂದರೆ ಇನ್ನೊಂದಕ್ಕೆ ಕಾಯಬೇಕಾಗಿತ್ತು. ಸೊಸೆ ಕಿರುಚಲಿಲ್ಲ. ಕೆಳಗೆ ಕೂಗಿ ಆಂಬುಲೆನ್ಸ್ ಕರೆಸಿದಳು, ಅವನನ್ನು ಮಲಗಿಸಿ ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ಹಿಂದೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿದ್ದಾಗ ಅಲ್ಲಿಯ ನರ್ಸು ಹೇಳಿಕೊಟ್ಟದ್ದು ಅದು. ಮೆಟ್ಟಿಲು ಹತ್ತಿ ಬಂದ ಲಾಂಡ್ರಿಯಮ್ಮ ಒಂದು ಒದ್ದೆ ಬೆಡ್‌ಶೀಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ಆಂಬುಲೆನ್ಸಿನವರು ಬಂದು, ಇಂಜೆಕ್ಷನ್ ಕೊಟ್ಟು, ಅವನು ಕಣ್ಣು ಬಿಡುವ ತನಕ ಅವಳು ಅದನ್ನು ಬಿಡಲಿಲ್ಲ.

ಆಸ್ಪತ್ರೆಗೆ ಕ್ಲಿನಿಕ್ಕಿನ ಡಾಕ್ಟರಮ್ಮನೂ ಬಂದಳು. ವಾರ್ಡಿನ ಹೊರಗಿನ ಬೆಂಚಿನ ಹತ್ತಿರ ನಿಂತು, ಯಾರನ್ನೂ ದೂರದೆ, ನಡೆದದ್ದನ್ನು ವಿವರಿಸಿದಳು. ಹದಿಮೂರು ದಿನ ಬಿಟ್ಟಿದ್ದರಿಂದ ಅವನ ದೇಹಕ್ಕೆ ಅಭ್ಯಾಸ ತಪ್ಪಿತ್ತು. ತಡೆಯಲಾರದೆ ಹೊರಗಿನಿಂದ ತಂದು, ಹಿಂದೆ ನುಂಗುತ್ತಿದ್ದಷ್ಟನ್ನೇ ನುಂಗಿದ. ಹಿಂದೆ ತಾಳಿದ್ದನ್ನು ದೇಹ ಈಗ ತಾಳಲಿಲ್ಲ.

"ಈ ಸೋಮವಾರ ಅವನು ಬರ್ಲಿಲ್ಲ. ಆದ್ರೆ ಹಿಂದಿನ ವಾರ ನಾನು ಕೊಟ್ಟ ಏಳು ಮಾತ್ರೆ ಏನಾಯ್ತು?" ಎಂದಳು ಡಾಕ್ಟರಮ್ಮ.

ಲಾಂಡ್ರಿಯಮ್ಮ ಮಡಿಲಲ್ಲಿದ್ದ ಚೀಲದಿಂದ ಲಕೋಟೆ ತೆಗೆದು ಕೊಟ್ಟಳು. ಡಾಕ್ಟರಮ್ಮ ಮೇಲಿನ ತಾರೀಖು ಓದಿದಳು, ಸ್ಟೇಪಲ್ ಬಿಚ್ಚಿ ಏಳನ್ನೂ ಎಣಿಸಿದಳು, ಒಳಗೆ ಹೋದಳು. ಬೆಂಚಿನ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದರು.

"ನೀವಾ ಅತ್ತೆ?" ಎಂದಳು ಸೊಸೆ. "ನೀವಾ?"

"ಐದು ವಾರ ಅಂದ್ಕೊಂಡೆ..."

"ಹೆಡ್‌ಮಾಸ್ಟರ ಮನೆಯವರ ಮಾತ್ರೆಯನ್ನ ನೀವು ಐದು ವಾರ ಇಟ್ಕೊಳ್ತಿದ್ರಾ?"

"ಅವರಿಗೆ ರೋಗ ಕಣೇ."

"ಮತ್ತೆ ಇವರಿಗೆ ಏನು? ಅದನ್ನೇ ಒಂದು ಸಲ ನನಗೆ ಹೇಳಿಬಿಡಿ. ಬೀದಿಯೋರಿಗೆಲ್ಲ ಯಾರ ಕಷ್ಟ ಯಾರಿಗೆ ಗೊತ್ತು ಅಂತೀರ. ನಿಮ್ಮ ಹೊಟ್ಟೇಲಿ ಹುಟ್ಟಿದೋರಿಗೆ ಮಾತ್ರ ಯಾಕೆ ಕೊಬ್ಬು?"

ಲಾಂಡ್ರಿಯಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಸೋಪಿನ ನೀರಿನಿಂದ ಬೆರಳ ತುದಿಗಳು ಸುಕ್ಕಾಗಿ ಬೆಳ್ಳಗಾದ ಕೈಗಳು.

"ಆಪರೇಷನ್ ಆಗಿ ಮನೆಗೆ ಬಂದಾಗ ಅವನು ಬೇಡ ಅಂತಿದ್ದ. ಮಾತ್ರೆ ತಗೊಂಡ್ರೆ ಮಂಕಾಗುತ್ತೆ ಅಮ್ಮ, ಇವತ್ತು ಬೇಡ ಅಂತಿದ್ದ. ನಾನೇ ಬಿಡ್ತಿರ್ಲಿಲ್ಲ. ಆರು ಗಂಟೆಗೊಂದು ಸಲ, ಗಡಿಯಾರ ನೋಡಿ, ಬಾಯಿ ತೆಗಿ ಅಂತ ಗದರಿ ಹಾಕ್ತಿದ್ದೆ. ಮಗ ಅಂಗಡಿಗೆ ಬೇಗ ಬರ್ಲಿ ಅಂತ... ಚೀಟಿ ಮುಗಿದ ಮೇಲೂ ಇನ್ನೊಂದು ವಾರ ಬರೆದುಕೊಡಿ ಅಂತ ಡಾಕ್ಟರ ಕಾಲು ಹಿಡಿದೋಳು ನಾನು. ಅವನಿಗೆ ಇರೋದು ರೋಗ ಅಂದ್ರೆ ಅದನ್ನ ಅಂಟಿಸಿದೋಳು ನಾನಾಗ್ತೀನಿ. ಅವನೇ ಕೆಟ್ಟೋನು ಅಂದ್ರೆ ನನಗೆ ನಿದ್ದೆ ಬರುತ್ತೆ. ಅಷ್ಟೇ ಕಣೇ. ಇನ್ನೇನೂ ಇಲ್ಲ."

ಇಷ್ಟು ದಿನ ಅವಳು ಮಗನನ್ನು ಸೋಮಾರಿ ಎಂದದ್ದು, ಕೊಬ್ಬು ಎಂದದ್ದು, ಸಾಲಿನಲ್ಲಿ ನಿಂತವನನ್ನು ಕಂಡು ರಸ್ತೆ ದಾಟಿದ್ದು, ಎಲ್ಲದರ ತಳದಲ್ಲಿದ್ದದ್ದು ಇಷ್ಟೇ. ಸೊಸೆಗೆ ಸಿಟ್ಟು ಇಳಿಯಲಿಲ್ಲ. ಆದರೂ ಅವಳು ಅತ್ತೆಯ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. "ಡಾಕ್ಟರು ಬರೆದಿದ್ರು, ನೀವು ಕೊಟ್ರಿ. ಆಗ ನಿಮಗೇನು ಗೊತ್ತಿತ್ತು? ಈಗ ಗೊತ್ತಾಯ್ತಲ್ಲ," ಎಂದಳು.

ಅದಾದ ಮೇಲೆ ಮತ್ತೆ ದಿನಾ ಕ್ಲಿನಿಕ್ಕಿಗೆ ಹೋಗಬೇಕಾಯಿತು. ಮೊದಲ ದಿನದಿಂದಲೂ ಜೊತೆಗೆ ಹೋದದ್ದು ಲಾಂಡ್ರಿಯಮ್ಮನೇ. ಮೊದಮೊದಲು ಮುಖ ಗೋಡೆಯ ಕಡೆ ಮಾಡಿ ನಿಲ್ಲುತ್ತಿದ್ದಳು. ನಾಲ್ಕನೆಯ ದಿನ ಸಾಲಿನಲ್ಲಿ ಮುಂದಿದ್ದ ವಕೀಲರ ಹೆಂಡತಿ ತಿರುಗಿ ನೋಡಿ, ಗುರುತು ಹಿಡಿದು, ಕಣ್ಣು ತಗ್ಗಿಸಿದಳು. ಲಾಂಡ್ರಿಯಮ್ಮ, "ನಿಮ್ಮ ನೀಲಿ ಕೋಟು ರೆಡಿ ಇದೆ, ಯಾವಾಗ ಬೇಕಾದ್ರೂ ಬನ್ನಿ," ಎಂದಳು. ಆಮೇಲೆ ಇಬ್ಬರೂ ಬಟ್ಟೆಯ ವಿಷಯ ಮಾತಾಡುತ್ತಾ ಬಾಗಿಲ ತನಕ ಬಂದರು. ಆ ದಿನದಿಂದ ಅವಳು ರಸ್ತೆಗೆ ಮುಖ ಮಾಡಿ ನಿಂತಳು.

ರಸ್ತೆಗೆ ಮುಖ ಮಾಡಿ ನಿಂತವಳನ್ನು ರಸ್ತೆಯೂ ನೋಡುತ್ತದೆ. ಗೊತ್ತಾದ ಭಾನುವಾರ ಸರ್ವೇಯರ್ ಹುಡುಗನ ತಾಯಿ ಬಂದಾಗ, ಕಾಫಿ ಕುಡಿದು, ಮಗಳ ಕೆನ್ನೆ ಸವರಿ, ಅವಳು ಒಳಗೆ ಹೋದ ಮೇಲೆ ಮೆಲ್ಲಗೆ ಮಾತು ತೆಗೆದಳು. ಒಳ್ಳೆಯ ಹೆಂಗಸು, ದೊಡ್ಡ ಧ್ವನಿಯವಳಲ್ಲ.

"ನಿಮ್ಮನ್ನ, ನಿಮ್ಮ ಮಗನ್ನ ನಮ್ಮ ಪಕ್ಕದ ಮನೆಯವರು ಬಸ್‌ಸ್ಟ್ಯಾಂಡ್ ಹತ್ರ ನೋಡಿದ್ರಂತೆ. ಎರಡು ಮೂರು ಸಲ. ಅವರ ಬಾಯಿ ನಿಮಗೆ ಗೊತ್ತಲ್ಲ. ಅಲ್ಲಿ ಬೆನ್ನಿಗೂ ಏನೋ ವ್ಯಾಯಾಮ ಮಾಡಿಸ್ತಾರಂತೆ, ಅದಕ್ಕೇ ಹೋಗ್ತಿರ್ಬೇಕು ಅಂತ ನಾನೇ ಹೇಳ್ದೆ. ಅಷ್ಟೇ ಅಲ್ವಾ?"

ಹೂಂ ಎಂದಿದ್ದರೆ ಸಾಕಿತ್ತು. ಸುಳ್ಳನ್ನು ಅವಳೇ ಸಿದ್ಧ ಮಾಡಿ ತಂದು ಕೈಗೆ ಕೊಟ್ಟಿದ್ದಳು. ಲಾಂಡ್ರಿಯಮ್ಮ ತಲೆಯಾಡಿಸಿದ್ದರೆ ಮದುವೆಯ ದಿನ ಗೊತ್ತಾಗುತ್ತಿತ್ತು. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅದರಾಚೆ ಮಗ ಕೂತಿದ್ದ, ಮಗಳು ನಿಂತಿದ್ದಳು. ಇಂದು ಹೂಂ ಎಂದರೆ ನಾಳೆಯಿಂದ ಆ ಸಾಲಿಗೆ ಹೋಗುವಂತಿರಲಿಲ್ಲ. ಹೋದರೂ ಕದ್ದು ಹೋಗಬೇಕು, ಮದುವೆಯ ತನಕ ಅಲ್ಲ, ಮದುವೆಯ ಮೇಲೂ, ಡಾಕ್ಟರಮ್ಮ ಹೇಳಿದ ಅಷ್ಟೂ ವರ್ಷ. ಮುಚ್ಚಿಡಲು ಹೋಗಿ ಏನಾಯಿತೆಂದು ಮಹಡಿಯ ಕೋಣೆಯಲ್ಲಿ ನೋಡಿದ್ದಳು.

"ಇಲ್ಲ," ಎಂದಳು ಲಾಂಡ್ರಿಯಮ್ಮ. "ನೋವಿನ ಮಾತ್ರೆ ತಗೊಂಡು ತಗೊಂಡು ಅದಿಲ್ಲದೆ ಇರೋಕಾಗದ ಹಾಗಾಗಿತ್ತು. ಅದಕ್ಕೆ ಔಷಧಿ ಕೊಡ್ತಾರೆ. ದಿನಾ ಹೋಗ್ತೀವಿ. ಇನ್ನೂ ತುಂಬ ದಿನ ಹೋಗ್ತೀವಿ."

ಹುಡುಗನ ತಾಯಿ ಲೋಟವನ್ನು ಕೆಳಗಿಟ್ಟಳು. "ನೀವು ಹೇಳಿದ್ದು ಒಳ್ಳೇದಾಯ್ತು," ಎಂದಳು. ಸೆರಗು ಸರಿಮಾಡಿಕೊಳ್ಳುತ್ತಾ, "ನಮ್ಮ ಯಜಮಾನರೂ ತುಂಬ ಕುಡೀತಿದ್ರು. ಅದು ಗಂಡಸರಲ್ಲಿ ಇದ್ದದ್ದೇ ಬಿಡಿ. ಇದು ಹಾಗಲ್ವಲ್ಲ," ಎಂದಳು. ಆ ಯಜಮಾನರು ನಲವತ್ತೆರಡಕ್ಕೆ ಲಿವರ್ ಕೆಟ್ಟು ತೀರಿಕೊಂಡದ್ದು ಇಬ್ಬರಿಗೂ ಗೊತ್ತಿತ್ತು. ಆದರೂ ಎರಡೂ ಒಂದೇ ಎಂದು ವಾದಿಸಲು ಲಾಂಡ್ರಿಯಮ್ಮನಿಗೆ ಬಾಯಿ ಬರಲಿಲ್ಲ. ಎರಡು ತಿಂಗಳ ಹಿಂದೆ ಅವಳ ಜಾಗದಲ್ಲಿ ಕೂತಿದ್ದರೆ ತಾನೂ ಅದನ್ನೇ ಹೇಳುತ್ತಿದ್ದೆ ಎಂದು ಅವಳಿಗೆ ತಿಳಿದಿತ್ತು.

"ಮನೇಲಿ ಮಾತಾಡಿ ಹೇಳಿ ಕಳಿಸ್ತೀವಿ," ಎಂದು ಹೊರಟಳು. ಚಪ್ಪಲಿ ಹಾಕಿಕೊಳ್ಳುವಾಗ ಅವಳ ಕಣ್ಣಲ್ಲೂ ನೀರಿತ್ತು. ಹುಡುಗಿಯನ್ನು ಅವಳು ನಿಜವಾಗಿಯೂ ಮೆಚ್ಚಿಕೊಂಡಿದ್ದಳು.

ಹೇಳಿ ಕಳಿಸಲಿಲ್ಲ. ಶನಿವಾರ ಬಂತು, ಶರ್ಟುಗಳು ಬರಲಿಲ್ಲ. ಒಂಬತ್ತನೆಯ ದಿನ ಸರ್ವೆ ಆಫೀಸಿನ ತಲೆ ನರೆತ ಜವಾನನೊಬ್ಬ ರಸೀತಿ ಹಿಡಿದುಕೊಂಡು ಬಂದು, ಹಿಂದೆ ಕೊಟ್ಟಿದ್ದ ಆರು ಶರ್ಟು ಕೇಳಿದ. ಮಗಳೇ ಎದ್ದು ತಂದಳು. ಒಂದರ ಕಾಲರು ಮತ್ತೆ ಸರಿಯಾಗಿ ಮಡಿಸಿ, ಕಾಗದ ಸುತ್ತಿ, ದಾರ ಕಟ್ಟಿ ಕೊಟ್ಟಳು. ಜವಾನ, "ಸಾರ್ ಇನ್ನೊಂದು ತಿಂಗಳು ಕ್ಯಾಂಪಲ್ಲಿರ್ತಾರೆ," ಎಂದ. ಅವನು ಊರಲ್ಲೇ ಇದ್ದಾನೆಂದು ಎಲ್ಲರಿಗೂ ಗೊತ್ತಿತ್ತು. "ಸರಿ," ಎಂದಳು ಮಗಳು.

ಇಂಥ ಕಥೆಗಳಲ್ಲಿ ತಾಯಿಯ ತ್ಯಾಗ ಎಂದು ಬರೆಯುವ ವಾಡಿಕೆಯುಂಟು. ಲಾಂಡ್ರಿಯಮ್ಮ ಮಗನಿಗಾಗಿ ಬಿಟ್ಟುಕೊಟ್ಟದ್ದು ತನ್ನದಾಗಿದ್ದರೆ ಹಾಗೆಯೇ ಬರೆಯಬಹುದಿತ್ತು. ಬಿಟ್ಟುಕೊಟ್ಟದ್ದು ಮಗಳದ್ದು. ಅದು ಅವಳಿಗೂ ಗೊತ್ತಿತ್ತು. ಆ ಭಾನುವಾರದಿಂದ ಮಗಳ ಎದುರು ಕೂತು ಅವಳು ಸರಿಯಾಗಿ ಊಟ ಮಾಡಿರಲಿಲ್ಲ.

ಜವಾನ ಹೋದ ಮೇಲೆ ಮಗಳು ಮತ್ತೆ ಗುಂಡಿಯ ಡಬ್ಬಿ ಮುಂದೆ ಕೂತಳು. ಮಗನೂ ಸೊಸೆಯೂ ಹಿಂದಿನ ಕೋಣೆಯಲ್ಲಿ ಗಂಟು ಬಿಚ್ಚುತ್ತಿದ್ದರು.

"ಅಮ್ಮ, ಹೇಳೋಕೆ ಮುಂಚೆ ನನ್ನ ಒಂದು ಮಾತು ಕೇಳ್ಬಹುದಿತ್ತು."

ಲಾಂಡ್ರಿಯಮ್ಮ ರಸೀತಿ ಪುಸ್ತಕ ಮುಚ್ಚಿದಳು. "ಕೇಳಿದ್ರೆ ಏನು ಹೇಳ್ತಿದ್ದೆ?"

"ನಿಜ ಹೇಳು ಅಂತಲೇ ಹೇಳ್ತಿದ್ದೆ. ಅವತ್ತು ಐದೇ ವಾರ ಅಲ್ವಾ ಅಂದೋಳು ನಾನು. ಮಹಡಿ ಮೇಲೆ ಅವನ ಪಾದ ನಾನೂ ನೋಡಿದ್ದೀನಿ."

"ಮತ್ತೆ?"

"ಮತ್ತೆ ಏನು? ನಾನು ಹೇಳು ಅಂದಿದ್ರೆ, ಅಣ್ಣನಿಗೋಸ್ಕರ ನಾನು ಬಿಟ್ಟುಕೊಟ್ಟ ಹಾಗಿರ್ತಿತ್ತು. ಈಗ ನೀನು ನನ್ನ ಕೈಯಿಂದ ಕಿತ್ತುಕೊಂಡ ಹಾಗಾಯ್ತು. ಅಷ್ಟೇ ವ್ಯತ್ಯಾಸ."

ತಾಯಿ ಎದ್ದು ಬಂದು ಅವಳ ಪಕ್ಕದ ಸ್ಟೂಲಿನ ಮೇಲೆ ಕೂತಳು. "ತಪ್ಪಾಯ್ತು ಕಣೇ," ಎಂದಳು. ಮಗಳು ಮುಂದಿನ ಶರ್ಟು ಎತ್ತಿಕೊಂಡಳು. ಕಣ್ಣೀರು ಬಟ್ಟೆಯ ಮೇಲೆ ಬೀಳದ ಹಾಗೆ ಮುಖ ಪಕ್ಕಕ್ಕೆ ಹಿಡಿದು, ಗುಂಡಿ ಹೊಲಿದಳು.

ಮರುದಿನ ಬೆಳಿಗ್ಗೆ ಏಳೂವರೆಗೆ ಲಾಂಡ್ರಿಯಮ್ಮ ಹೊರಡಲು ಬಂದಾಗ ಮಗಳು ಆಗಲೇ ಬಾಗಿಲಲ್ಲಿ ನಿಂತಿದ್ದಳು. ತಲೆ ಬಾಚಿ, ಹೊರಗೆ ಹೋಗುವ ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದಳು.

"ಇವತ್ತು ಅಣ್ಣನ ಜೊತೆ ನಾನು ಹೋಗ್ತೀನಿ."

"ನೀನು ಬೇಡ ಕಣೇ," ಎಂದಳು ತಾಯಿ. "ಎಂಟು ಗಂಟೆಗೆ ಸರ್ವೆ ಆಫೀಸಿನೋರೆಲ್ಲ ಅ‍ಲ್ಲೇ ಬಸ್ ಹತ್ತೋದು. ಎಲ್ಲರೂ ನಿನ್ನನ್ನ ನೋಡ್ತಾರೆ. ಇನ್ನು ಮುಂದೆ ಯಾರೂ ಕೇಳ್ಕೊಂಡು ಬರದೇ ಇರಬಹುದು."

"ಗೊತ್ತು," ಎಂದಳು ಮಗಳು. "ಇದು ನಾನೇ ಕೊಡ್ತಿರೋದು."

ಅಣ್ಣ ಒಳಗಿನಿಂದ ಬಂದು ತಂಗಿಯನ್ನೂ ತಾಯಿಯನ್ನೂ ನೋಡಿದ. ಬೇಡ ಎನ್ನಲು ಬಾಯಿ ತೆರೆದ. ತಂಗಿ ಅವನ ಶರ್ಟಿನ ಕಾಲರನ್ನು ಸರಿಮಾಡಿ, "ನಡಿ, ಹೊತ್ತಾಗುತ್ತೆ," ಎಂದಳು. ಇಬ್ಬರೂ ಬೀದಿಯ ನಡುವೆಯೇ ನಡೆದುಕೊಂಡು ಹೋದರು. ಲಾಂಡ್ರಿಯಮ್ಮ ಅವರು ತಿರುವು ದಾಟುವ ತನಕ ನೋಡುತ್ತಿದ್ದು, ಒಬ್ಬಳೇ ಶಟರು ಎತ್ತಿ, ಅಂಗಡಿ ತೆರೆದಳು.